ನಮ್ಮ ಗುಟ್ಟು ಯಾರ ಪೆಟ್ಟಿಗೆಯಲ್ಲಿ?
ಮೊಹರು ಹಾಕಿದ ಲಕೋಟೆಯಿಂದ ಸಿಗ್ನಲ್‌ವರೆಗೆ: ಒಂದು ಚಾರಿತ್ರಿಕ ಅವಲೋಕನ



ನಾವು ದಿನನಿತ್ಯ ಬಳಸುವ ಮೂರು ಕನ್ನಡ ಪದಗಳನ್ನು ಗಮನಿಸಿ. 'ಖಾಸಗಿ' ಎಂಬುದು ಅರಬಿಯ 'ಖಾಸ್' ಎಂಬ ಮೂಲದಿಂದ ಪಾರ್ಸಿ, ಮರಾಠಿಗಳ ದಾರಿಯಾಗಿ ನಮ್ಮಲ್ಲಿಗೆ ಬಂದ ಪದ. ಪತ್ರಕ್ಕೆ ಹಾಕುವ 'ಮೊಹರು' ಪಾರ್ಸಿಯ ಕೊಡುಗೆ. ಇನ್ನೊಬ್ಬರ ವಶಕ್ಕೆ ನಂಬಿಕೆಯ ಮೇಲೆ ಒಪ್ಪಿಸಿದ ವಸ್ತುವಿಗೆ 'ಅಮಾನತ್ತು' ಎನ್ನುತ್ತಿದ್ದರು. ಅದು ಅರಬಿಯ 'ಅಮಾನತ್'. ಇಂದು ಪತ್ರಿಕೆಗಳಲ್ಲಿ ಆ ಪದ ಅಧಿಕಾರಿಗಳು ಕೆಲಸದಿಂದ ಅಮಾನತ್ತಾದ ಸುದ್ದಿಗೆ ಮಾತ್ರ ಉಳಿದುಕೊಂಡಂತಿದೆ!

ತನ್ನದು ಎಂಬುದು ಖಾಸಗಿ. ಅದಕ್ಕೆ ಕಾವಲು ಮೊಹರು. ಅದನ್ನು ವಹಿಸಿಕೊಂಡವನ ಹೊಣೆ ಅಮಾನತ್ತು. ಅಂತರ್ಜಾಲದ ಯುಗದಲ್ಲಿ ಈ ಮೂರರ ನಡುವಿನ ನಂಟು ಹೇಗೆ ಸಡಿಲವಾಯಿತು, ಅದನ್ನು ಮತ್ತೆ ಬಿಗಿಗೊಳಿಸಲು ಯಾರು ಶ್ರಮಿಸಿದರು, ನಾವು ನೀವು ಅವರ ಶ್ರಮದ ಫಲವನ್ನು ಹೇಗೆ ಪಡೆಯಬಹುದು ಎಂಬುದೇ ಈ ಲೇಖನದ ವಸ್ತು.

"ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂದು ನೀವು ಕೇಳಬಹುದು. ಗೂಗಲ್, ಫೇಸ್‌ಬುಕ್, ವಾಟ್ಸಾಪ್‌ಗಳನ್ನು ಬಳಸುವ ಬಹುತೇಕ ವಿದ್ಯಾರ್ಥಿಗಳ ಪ್ರಶ್ನೆಯೂ ಇದೇ. ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಬಗ್ದಾದಿನ ವಿದ್ವಾಂಸ

ಒಂಬತ್ತನೇ ಶತಮಾನದ ಬಗ್ದಾದ್ ನಗರದಲ್ಲಿ ಅಲ್ ಕಿಂದಿ ಎಂಬ ಮಹಾನ್ ವಿದ್ವಾಂಸರಿದ್ದರು. ತತ್ವಶಾಸ್ತ್ರ, ಗಣಿತ, ವೈದ್ಯ, ಸಂಗೀತ ಹೀಗೆ ಅವರು ಕೈಯಾಡಿಸದ ಕ್ಷೇತ್ರವಿಲ್ಲ. ಗೂಢಲಿಪಿಯಲ್ಲಿ ಬರೆದ ಪತ್ರಗಳನ್ನು ಬಿಡಿಸುವ ಬಗೆಯ ಕುರಿತು ಅವರು ಬರೆದ ಒಂದು ಪುಟ್ಟ ಗ್ರಂಥದ ಹಸ್ತಪ್ರತಿ ಇಪ್ಪತ್ತನೇ ಶತಮಾನದಲ್ಲಿ ಇಸ್ತಾಂಬುಲಿನಲ್ಲಿ ಮತ್ತೆ ಬೆಳಕಿಗೆ ಬಂತು.

ಅವರ ಉಪಾಯ ಸರಳ. ಪ್ರತಿಯೊಂದು ಭಾಷೆಯಲ್ಲೂ ಕೆಲವು ಅಕ್ಷರಗಳು ಪದೇ ಪದೇ ಬರುತ್ತವೆ, ಕೆಲವು ಅಪರೂಪಕ್ಕೆ ಬರುತ್ತವೆ. ಬೇಕಿದ್ದರೆ ಇಂದಿನ ದಿನಪತ್ರಿಕೆಯ ಒಂದು ಪುಟ ತೆಗೆದು ಎಣಿಸಿ ನೋಡಿ. 'ದ', 'ನ', 'ರ'ಗಳು ಎಲ್ಲೆಲ್ಲೂ ಕಾಣುತ್ತವೆ; 'ಝ', 'ಞ'ಗಳನ್ನು ಹುಡುಕಬೇಕು. ಗೂಢಲಿಪಿಯಲ್ಲೂ ಯಾವ ಗುರುತು ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಮೂಲ ಅಕ್ಷರವನ್ನು ಊಹಿಸಬಹುದು. ನಮಗೆ ತಿಳಿದಿರುವಂತೆ ಈ ವಿಧಾನವನ್ನು ವಿವರಿಸಿದ ಅತ್ಯಂತ ಹಳೆಯ ಗ್ರಂಥ ಇದೇ.

ಇದರಿಂದ ನಾವು ಕಲಿಯಬೇಕಾದ ಪಾಠವೇನು? ಮೊಹರು ಎಷ್ಟೇ ಗಟ್ಟಿಯಾಗಿರಲಿ, ಒಂದಲ್ಲ ಒಂದು ದಿನ ಅದನ್ನು ಒಡೆಯುವ ಜಾಣ ಹುಟ್ಟುತ್ತಾನೆ. ಪತ್ರವನ್ನು ಓದದಿದ್ದರೂ ಅದರಲ್ಲಿನ ಗುರುತುಗಳನ್ನು ಎಣಿಸಿಯೇ ಒಳಗಿನ ಸಂಗತಿ ತಿಳಿಯಬಹುದು. ಇಂದಿನ ಕಂಪೆನಿಗಳು ಮಾಡುವುದೂ ಇದೇ ಬಗೆಯ ಎಣಿಕೆ. ನೀವು ಎಷ್ಟು ಹೊತ್ತಿಗೆ ಎದ್ದಿರಿ, ಯಾರೊಂದಿಗೆ ಎಷ್ಟು ಸಲ ಮಾತನಾಡಿದಿರಿ, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತಿರಿ ಎಂಬ ಲೆಕ್ಕದಿಂದಲೇ ನಿಮ್ಮನ್ನು ಓದಿಬಿಡುತ್ತವೆ.

ಕಾಲಾಣೆಯ ಕಾರ್ಡು

ನಮ್ಮ ದೇಶದಲ್ಲಿ ಪೋಸ್ಟ್ ಕಾರ್ಡು ಆರಂಭವಾದದ್ದು 1879ರಲ್ಲಿ. ಬೆಲೆ ಕಾಲಾಣೆ. ಕಾರ್ಡಿನಲ್ಲಿ ಬರೆದುದನ್ನು ಅಂಚೆಯಣ್ಣನೂ ಓದಬಹುದು, ಪಕ್ಕದ ಮನೆಯವರೂ ಓದಬಹುದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದುದರಿಂದಲೇ ಕುಶಲ ಸಮಾಚಾರಕ್ಕೆ ಕಾರ್ಡು, ಮದುವೆ ಮಾತುಕತೆಗೋ ಸಾಲದ ವಿಷಯಕ್ಕೋ ಅಂಟಿಸಿದ ಲಕೋಟೆ. ಅಕ್ಷರ ಬಾರದ ಅಜ್ಜಿಯೂ ಪತ್ರ ಬರೆಸುವಾಗ "ಇದನ್ನು ಕವರಿನಲ್ಲಿ ಹಾಕು" ಎನ್ನುತ್ತಿದ್ದರು. ಮುಚ್ಚಿಡುವ ಅಪರಾಧ ಏನಾದರೂ ಅವರಲ್ಲಿತ್ತೇ? ಇಲ್ಲ. ಮನೆಯ ಮಾತು ಮನೆಯಲ್ಲಿರಲಿ ಎಂಬ ಮರ್ಯಾದೆ ಮಾತ್ರ.

ಲಕೋಟೆಯನ್ನು ಒಡೆಯುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ತನ್ನ ಬಳಿ ಇಟ್ಟುಕೊಂಡಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1898ರ ಅಂಚೆ ಕಛೇರಿ ಕಾಯ್ದೆಗಳಲ್ಲಿ ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣಕ್ಕೆ ಸಂದೇಶಗಳನ್ನು ತಡೆದು ನೋಡುವ ಅವಕಾಶವಿತ್ತು. ಸ್ವಾತಂತ್ರ್ಯ ಬಂದ ಮೇಲೂ ಈ ಕಾಯ್ದೆಗಳು ಮುಂದುವರಿದವು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ವಿವಾದದಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. 1996ರಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. 2023ರಲ್ಲಿ ಈ ಎರಡೂ ವಿಷಯಗಳಿಗೆ ಹೊಸ ಕಾಯ್ದೆಗಳು ಬಂದವು. ಸಂದೇಶಗಳನ್ನು ತಡೆಯುವ ಅಧಿಕಾರ ಅವುಗಳಲ್ಲೂ ಉಳಿದುಕೊಂಡಿದೆ.

ಹಿಂದೆ ಒಂದು ಲಕೋಟೆಯನ್ನು ಒಡೆಯಬೇಕಾದರೆ ಒಬ್ಬ ಮನುಷ್ಯ ಕುಳಿತು ಅದನ್ನು ಒಡೆಯಬೇಕಿತ್ತು. ಊರಿನ ಎಲ್ಲ ಲಕೋಟೆಗಳನ್ನೂ ಒಡೆಯುವಷ್ಟು ಕೈಗಳು ಯಾವ ಸರ್ಕಾರದ ಬಳಿಯೂ ಇರಲಿಲ್ಲ. ಗಣಕಯಂತ್ರ ಬಂದ ಮೇಲೆ ಈ ಮಿತಿ ಹೊರಟುಹೋಯಿತು.

ಒಳ್ಳೆಯ ಉದ್ದೇಶದ ಪಟ್ಟಿ

ಇಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಒಂದು ದುರಂತವನ್ನು ನೆನೆಯಲೇಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚೆ ಆ ದೇಶದ ನಗರಸಭೆಗಳು ಅತ್ಯಂತ ಅಚ್ಚುಕಟ್ಟಾದ ಜನನೋಂದಣಿ ಪಟ್ಟಿಗಳನ್ನು ಇಟ್ಟುಕೊಂಡಿದ್ದವು. ಹೆಸರು, ವಿಳಾಸ, ಕುಟುಂಬದ ಜತೆಗೆ ಧರ್ಮವನ್ನೂ ಬರೆದುಕೊಳ್ಳುತ್ತಿದ್ದರು. ಬರೆದವರ ಮನಸ್ಸಿನಲ್ಲಿ ಯಾವ ಕೆಡುಕೂ ಇರಲಿಲ್ಲ. ಆಡಳಿತ ಸುಗಮವಾಗಲಿ ಎಂಬುದಷ್ಟೇ ಉದ್ದೇಶ.

1940ರಲ್ಲಿ ಹಿಟ್ಲರನ ಸೇನೆ ಆ ದೇಶವನ್ನು ವಶಪಡಿಸಿಕೊಂಡಿತು. ಪಟ್ಟಿಗಳು ಸಿದ್ಧವಾಗಿಯೇ ಇದ್ದವು! ಯಾವ ಬೀದಿಯ ಯಾವ ಮನೆಯಲ್ಲಿ ಯಹೂದಿಗಳಿದ್ದಾರೆ ಎಂದು ಹುಡುಕುವ ಶ್ರಮ ಕಡಿಮೆಯಾಯಿತು. ಆ ದೇಶದಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,00,000ಕ್ಕೂ ಹೆಚ್ಚು ಜನ ಕೊಲ್ಲಲ್ಪಟ್ಟರು. ಪಶ್ಚಿಮ ಯುರೋಪಿನ ಬೇರಾವ ದೇಶದಲ್ಲೂ ಈ ಪ್ರಮಾಣ ಇಷ್ಟಿರಲಿಲ್ಲ. ಇದಕ್ಕೆ ಕಾರಣಗಳು ಹಲವು. ಆದರೆ ಆ ಅಚ್ಚುಕಟ್ಟಾದ ಪಟ್ಟಿಯೂ ಅವುಗಳಲ್ಲೊಂದು ಎಂಬುದನ್ನು ಇತಿಹಾಸಕಾರರು ಎತ್ತಿ ಹೇಳಿದ್ದಾರೆ.

1943ರ ಮಾರ್ಚ್ 27ರ ರಾತ್ರಿ ಕಲಾವಿದರೂ ವಿದ್ಯಾರ್ಥಿಗಳೂ ಇದ್ದ ಒಂದು ಪ್ರತಿರೋಧ ತಂಡ ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಛೇರಿಗೆ ನುಗ್ಗಿ ಬೆಂಕಿಯಿಟ್ಟಿತು. ದಾಖಲೆಗಳ ಒಂದು ಪಾಲು ಮಾತ್ರ ನಾಶವಾಯಿತು. ತಂಡದ ಹನ್ನೆರಡು ಮಂದಿ ಗುಂಡಿಗೆ ಬಲಿಯಾದರು.

"ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ಇಂದು ಬರೆದುಕೊಳ್ಳುವವನು ಸಜ್ಜನನಾಗಿರಬಹುದು. ಆದರೆ ನಾಳೆ ಆ ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ ಎಂಬುದನ್ನು ಅವನೂ ಹೇಳಲಾರ. ಸಂಗ್ರಹಿಸಿದ ಮಾಹಿತಿ ಸಂಗ್ರಹಿಸಿದವನ ಒಳ್ಳೆಯತನಕ್ಕಿಂತ ಹೆಚ್ಚು ಕಾಲ ಬದುಕುತ್ತದೆ.

ಉಚಿತ ಅಂಚೆಯ ಕಥೆ

ಈಗ ಅಂತರ್ಜಾಲಕ್ಕೆ ಬರೋಣ. ಬೆಂಗಳೂರಿನಲ್ಲಿ ಓದಿ ಅಮೆರಿಕಾಕ್ಕೆ ತೆರಳಿದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಈ ವಿಚಾರ ಅವರಿಗೆ ಹೊಳೆದದ್ದು ಹೇಗೆ ಗೊತ್ತೇ? ಇಬ್ಬರೂ ಒಂದು ಕಂಪೆನಿಯಲ್ಲಿ ನೌಕರರಾಗಿದ್ದರು. ಸ್ವಂತ ಉದ್ಯಮದ ಯೋಜನೆಯನ್ನು ಕಛೇರಿಯ ಇ-ಮೇಲ್‌ನಲ್ಲಿ ಬರೆದರೆ ಮೇಲಧಿಕಾರಿಗಳು ಓದಿಬಿಟ್ಟಾರು ಎಂಬ ಅಳುಕು ಅವರಿಗಿತ್ತು. ಎಲ್ಲಿಂದ ಬೇಕಾದರೂ ತೆರೆಯಬಹುದಾದ ಅಂಚೆಪೆಟ್ಟಿಗೆ ಏಕಿರಬಾರದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ. ನಾವೆಲ್ಲ ಬಳಸುವ ಉಚಿತ ಇ-ಮೇಲ್‌ನ ಮೂಲದಲ್ಲಿಯೇ ಖಾಸಗಿತನದ ಹಂಬಲವಿತ್ತು!

1997ರ ಕೊನೆಯಲ್ಲಿ ಹಾಟ್‌ಮೇಲನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2004ರ ಏಪ್ರಿಲ್ 1ರಂದು ಗೂಗಲ್ ಜಿಮೇಲ್ ತಂದಿತು. ಹಾಟ್‌ಮೇಲ್ 2 ಮೆಗಾಬೈಟ್ ಜಾಗ ಕೊಡುತ್ತಿದ್ದಾಗ ಜಿಮೇಲ್ ಕೊಟ್ಟದ್ದು 1 ಗಿಗಾಬೈಟ್. ಏಪ್ರಿಲ್ ಒಂದರ ತಮಾಷೆಯೆಂದೇ ಹಲವರು ಭಾವಿಸಿದ್ದರು. ಆದರೆ ಇಷ್ಟು ಜಾಗವನ್ನು ಪುಕ್ಕಟೆ ಕೊಡುವವರಿಗೆ ಲಾಭವೇನು? ಪತ್ರದಲ್ಲಿನ ಪದಗಳನ್ನು ಯಂತ್ರ ಓದಿ, ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ತೋರಿಸುತ್ತಿತ್ತು. ಆಗಲೇ ಹಲವು ನಾಗರಿಕ ಸಂಘಟನೆಗಳು ಇದನ್ನು ಪ್ರತಿಭಟಿಸಿದವು. ಜಾಹೀರಾತಿಗಾಗಿ ಪತ್ರ ಓದುವುದನ್ನು ನಿಲ್ಲಿಸುವುದಾಗಿ ಗೂಗಲ್ ಘೋಷಿಸಿದ್ದು 2017ರಲ್ಲಿ. ಅಂದರೆ ಹದಿಮೂರು ವರ್ಷಗಳ ನಂತರ.

ಹುಡುಕಾಟದ ಪಟ್ಟಿ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ 2006ರ ಒಂದು ಘಟನೆ ಸಾಕ್ಷಿ. ಅಮೆರಿಕಾದ ಎಒಎಲ್ ಕಂಪೆನಿ ಸಂಶೋಧಕರ ಅನುಕೂಲಕ್ಕಾಗಿ ಸುಮಾರು ಆರೂವರೆ ಲಕ್ಷ ಜನ ಮೂರು ತಿಂಗಳಲ್ಲಿ ಹುಡುಕಿದ ಎರಡು ಕೋಟಿಯಷ್ಟು ಪದಗುಚ್ಛಗಳನ್ನು ಪ್ರಕಟಿಸಿತು. ಹೆಸರುಗಳನ್ನು ತೆಗೆದು ಅಂಕೆಗಳನ್ನು ಹಾಕಿದ್ದರು. ಆದರೂ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ಅಂಕೆಯ ಹಿಂದಿದ್ದ ವಯಸ್ಸಾದ ವಿಧವೆಯೊಬ್ಬರ ಮನೆಯ ಬಾಗಿಲು ತಟ್ಟಿದರು! ಆಕೆ ಹುಡುಕಿದ ಊರು, ಮನೆತನದ ಹೆಸರು, ಕಾಯಿಲೆಗಳ ವಿವರಗಳೇ ಆಕೆಯ ಗುರುತು ಹೇಳಿದ್ದವು.

"ಇನ್‌ಕಾಗ್ನಿಟೋ ಇದೆಯಲ್ಲ" ಎಂದು ಕೆಲವು ವಿದ್ಯಾರ್ಥಿಗಳು ಹೇಳುವುದುಂಟು. ಅದು ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟೆ. 2020ರಲ್ಲಿ ಹೂಡಲಾದ ಮೊಕದ್ದಮೆಯೊಂದರ ರಾಜಿ ಒಪ್ಪಂದದಲ್ಲಿ, ಆ ಬಗೆಯ ವೀಕ್ಷಣೆಯಿಂದ ಸಂಗ್ರಹವಾಗಿದ್ದ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು. ಸಂಗ್ರಹವೇ ಆಗದಿದ್ದರೆ ಅಳಿಸುವುದೇನಿತ್ತು?

ಮೊಹರಿನ ಮರುಹುಟ್ಟು

ಒಂದು ಕಡೆ ಪೆಟ್ಟಿಗೆಗಳು ತುಂಬುತ್ತಿರುವಾಗ ಇನ್ನೊಂದು ಕಡೆ ಹೊಸ ಮೊಹರೂ ಸಿದ್ಧವಾಗುತ್ತಿತ್ತು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬ ಅಮೆರಿಕನ್ ವಿದ್ವಾಂಸರು ಒಂದು ಅಪೂರ್ವ ವಿಚಾರವನ್ನು ಮಂಡಿಸಿದರು. ಅದುವರೆಗೆ ಗೂಢಲಿಪಿಯಲ್ಲಿ ಬರೆಯುವವನಿಗೂ ಓದುವವನಿಗೂ ಒಂದೇ ಕೀಲಿ ಬೇಕಿತ್ತು. ಆ ಕೀಲಿಯನ್ನು ಮೊದಲು ಗುಟ್ಟಾಗಿ ತಲುಪಿಸುವುದೇ ದೊಡ್ಡ ತಲೆನೋವು. ಇವರ ವಿಚಾರದ ಪ್ರಕಾರ ಎರಡು ಕೀಲಿಗಳಿರುತ್ತವೆ. ಒಂದನ್ನು ಊರಿಗೆಲ್ಲ ಹಂಚಬಹುದು. ಅದರಿಂದ ಯಾರು ಬೇಕಾದರೂ ಪತ್ರವನ್ನು ಮುಚ್ಚಬಹುದು. ತೆರೆಯಲು ಮಾತ್ರ ಒಡೆಯನ ಬಳಿಯಿರುವ ಎರಡನೇ ಕೀಲಿಯೇ ಬೇಕು. ಅಂಚೆ ಡಬ್ಬಿಯೊಳಗೆ ಯಾರು ಬೇಕಾದರೂ ಪತ್ರ ಹಾಕಬಹುದು, ತೆಗೆಯಲು ಬೀಗದ ಕೈ ಬೇಕು, ಅದರಂತೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಇದನ್ನು ಗಣಿತದ ಮೂಲಕ ಸಾಧಿಸಿ ತೋರಿಸಿದರು.

1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬ ತಂತ್ರಜ್ಞ ಇದನ್ನು ಸಾಮಾನ್ಯರ ಕೈಗೆಟಕುವ ತಂತ್ರಾಂಶವಾಗಿಸಿ 'ಪಿಜಿಪಿ' ಎಂಬ ಹೆಸರಿನಲ್ಲಿ ಉಚಿತವಾಗಿ ಹಂಚಿದರು. ಅಮೆರಿಕಾದ ಅಂದಿನ ಕಾನೂನಿನಲ್ಲಿ ಬಲವಾದ ಗೂಢಲಿಪಿಯನ್ನು ಮದ್ದುಗುಂಡುಗಳ ಸಾಲಿನಲ್ಲಿ ಇಟ್ಟಿದ್ದರು. ಅದನ್ನು ಹೊರದೇಶಕ್ಕೆ ಸಾಗಿಸಿದರೆಂಬ ಶಂಕೆಯ ಮೇಲೆ 1993ರಲ್ಲಿ ಅವರ ವಿರುದ್ಧ ತನಿಖೆ ಆರಂಭವಾಯಿತು. ಆಗ ಒಂದು ಸ್ವಾರಸ್ಯ ನಡೆಯಿತು. ಆ ತಂತ್ರಾಂಶದ ಸಂಕೇತಗಳನ್ನೆಲ್ಲ 1995ರಲ್ಲಿ ಪುಸ್ತಕರೂಪದಲ್ಲಿ ಅಚ್ಚು ಹಾಕಿಸಲಾಯಿತು. ಪುಸ್ತಕವನ್ನು ಹೊರದೇಶಕ್ಕೆ ಕಳಿಸುವುದನ್ನು ತಡೆಯುವುದು ಹೇಗೆ? 1996ರಲ್ಲಿ ಸರ್ಕಾರ ತನಿಖೆಯನ್ನು ಕೈಬಿಟ್ಟಿತು. ಇಂದು ನಾವು ಬ್ಯಾಂಕಿನ ಹಣವನ್ನು ಮೊಬೈಲಿನಲ್ಲಿ ಧೈರ್ಯವಾಗಿ ಕಳಿಸುತ್ತಿರುವುದು ಗೂಢಲಿಪಿಯ ಬೆಂಬಲದಿಂದಲೇ ಎಂಬುದನ್ನು ಮರೆಯಬಾರದು.

ಇಟ್ಟುಕೊಳ್ಳದವನು ಕೊಡಲಾರ

2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲುಮಾಡಿದ ದಾಖಲೆಗಳು ಜಗತ್ತನ್ನೇ ಬೆಚ್ಚಿಬೀಳಿಸಿದವು. ಅಮೆರಿಕಾದ ರಾಷ್ಟ್ರೀಯ ಭದ್ರತಾ ಸಂಸ್ಥೆ ದೊಡ್ಡ ಅಂತರ್ಜಾಲ ಕಂಪೆನಿಗಳ ಬಳಿಯಿರುವ ಮಾಹಿತಿಯನ್ನು 'ಪ್ರಿಸಂ' ಎಂಬ ಯೋಜನೆಯಡಿ ಪಡೆಯುತ್ತಿದೆ ಎಂಬುದು ಹೊರಬಿತ್ತು. ಸ್ನೋಡೆನ್ ಬಳಸುತ್ತಿದ್ದ ಲಾವಾಬಿಟ್ ಎಂಬ ಪುಟ್ಟ ಇ-ಮೇಲ್ ಸಂಸ್ಥೆಯ ಬಳಿ ಸರ್ಕಾರ ಗೂಢ ಕೀಲಿಯನ್ನೇ ಕೇಳಿತು. ಅದರ ಒಡೆಯ ಲ್ಯಾಡಾರ್ ಲೆವಿಸನ್ ಸಂಸ್ಥೆಯನ್ನೇ ಮುಚ್ಚಿಬಿಟ್ಟರು. ಮರುವರ್ಷ, 2014ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಸೆರ್ನ್ ಪ್ರಯೋಗಾಲಯದಲ್ಲಿ ಪರಿಚಿತರಾದ ಯುವ ವಿಜ್ಞಾನಿಗಳು ಪ್ರೋಟಾನ್‌ಮೇಲ್ ಆರಂಭಿಸಿದರು. ಪೆಟ್ಟಿಗೆಯಲ್ಲಿ ಕೂಡಿಟ್ಟ ಪತ್ರಗಳನ್ನು ತೆರೆಯುವ ಕೀಲಿ ಸಂಸ್ಥೆಯ ಕೈಗೇ ಸಿಗದಂತೆ ಅದನ್ನು ರಚಿಸಿದರು. ಇದಕ್ಕೂ ಮುಂಚೆ, 2008ರಲ್ಲಿಯೇ, ಗೇಬ್ರಿಯಲ್ ವೈನ್‌ಬರ್ಗ್ ಎಂಬವರು ಡಕ್‌ಡಕ್‌ಗೋ ಎಂಬ ಶೋಧಯಂತ್ರವನ್ನು ತಂದಿದ್ದರು. ಹುಡುಕಿದವರು ಯಾರು ಎಂಬುದನ್ನು ಬರೆದಿಡದಿರುವುದೇ ಅದರ ನಿಯಮ.

ವಾಟ್ಸಾಪಿನ ಕಥೆ ಹೆಚ್ಚು ಬೋಧಪ್ರದ. 2009ರಲ್ಲಿ ಅದನ್ನು ಸ್ಥಾಪಿಸಿದವರು ಜಾನ್ ಕೂಮ್ ಮತ್ತು ಬ್ರಿಯಾನ್ ಆಕ್ಟನ್. ಕೂಮ್ ಬಾಲ್ಯ ಕಳೆದದ್ದು ಸೋವಿಯತ್ ಯುಕ್ರೇನಿನಲ್ಲಿ. ಫೋನಿನಲ್ಲಿ ಮನಬಿಚ್ಚಿ ಮಾತನಾಡಲು ಜನ ಹೆದರುತ್ತಿದ್ದ ಕಾಲವನ್ನು ಕಂಡವರು. ಜಾಹೀರಾತು ಬೇಡ, ಬಳಕೆದಾರರ ವಿವರ ಬೇಡ ಎಂಬುದು ಅವರ ನಿಲುವಾಗಿತ್ತು. 2014ರಲ್ಲಿ ಫೇಸ್‌ಬುಕ್ 19 ಬಿಲಿಯನ್ ಡಾಲರಿಗೆ ಅದನ್ನು ಕೊಂಡುಕೊಳ್ಳುವುದಾಗಿ ಘೋಷಿಸಿತು. 2016ರಲ್ಲಿ ಬಳಕೆದಾರರ ಫೋನ್ ಸಂಖ್ಯೆ ಮುಂತಾದ ವಿವರಗಳನ್ನು ಫೇಸ್‌ಬುಕ್ ಜತೆ ಹಂಚಿಕೊಳ್ಳುವ ನೀತಿ ಬಂತು. ಈ ವಿಷಯದಲ್ಲಿ ಖರೀದಿಯ ವೇಳೆ ತಪ್ಪು ಮಾಹಿತಿ ನೀಡಿದ್ದಕ್ಕೆ ಐರೋಪ್ಯ ಆಯೋಗ 2017ರಲ್ಲಿ ಫೇಸ್‌ಬುಕ್‌ಗೆ 11 ಕೋಟಿ ಯೂರೋ ದಂಡ ವಿಧಿಸಿತು. 2021ರ ಹೊಸ ನೀತಿಯ ಕುರಿತು ನಮ್ಮ ದೇಶದ ಸ್ಪರ್ಧಾ ಆಯೋಗ 2024ರಲ್ಲಿ 213 ಕೋಟಿ ರೂಪಾಯಿಗಳ ದಂಡ ಹಾಕಿತು. 2025ರಲ್ಲಿ ವಾಟ್ಸಾಪಿಗೆ ಜಾಹೀರಾತೂ ಬಂತು. ನ್ಯಾಯವಾಗಿ ಹೇಳಬೇಕೆಂದರೆ ವಾಟ್ಸಾಪಿನ ಸಂದೇಶಗಳಿಗೆ 2016ರಿಂದ ಗಟ್ಟಿ ಮೊಹರಿದೆ. ಒಳಗಿನ ಮಾತನ್ನು ಕಂಪೆನಿ ಓದಲಾರದು. ಆದರೆ ಯಾರು ಯಾರೊಂದಿಗೆ, ಯಾವಾಗ, ಎಷ್ಟು ಸಲ ಎಂಬ ಲಕೋಟೆಯ ಮೇಲಿನ ಬರಹ ಅದಕ್ಕೆ ಕಾಣಬಲ್ಲದು.

ಆ ಮೊಹರಾದರೂ ಯಾರದು? ಸಿಗ್ನಲ್ ಎಂಬ ಚಿಕ್ಕ ತಂಡದಿಂದ ಪಡೆದದ್ದು. ಬ್ರಿಯಾನ್ ಆಕ್ಟನ್ 2017ರಲ್ಲಿ ಫೇಸ್‌ಬುಕ್ ತೊರೆದು, 2018ರಲ್ಲಿ 5 ಕೋಟಿ ಡಾಲರ್ ನೀಡಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಜತೆ ಸಿಗ್ನಲ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದು ಲಾಭರಹಿತ ಸಂಸ್ಥೆ.

2016ರಲ್ಲಿ ಅಮೆರಿಕಾದ ನ್ಯಾಯಾಂಗ ಪ್ರಕ್ರಿಯೆಯೊಂದರಲ್ಲಿ ಸಿಗ್ನಲ್ ಬಳಕೆದಾರರೊಬ್ಬರ ವಿವರಗಳನ್ನೆಲ್ಲ ಒಪ್ಪಿಸುವಂತೆ ಆದೇಶ ಬಂತು. ಸಂಸ್ಥೆ ಕಾನೂನನ್ನು ಮೀರಲಿಲ್ಲ. ತನ್ನ ಬಳಿ ಇದ್ದುದನ್ನೆಲ್ಲ ಕೊಟ್ಟಿತು. ಏನಿತ್ತು? ಖಾತೆ ತೆರೆದ ವೇಳೆ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಅಷ್ಟೇ!

ಓದುಗರೇ, ಈ ಇಡೀ ಚರಿತ್ರೆಯ ತಿರುಳು ಇಲ್ಲಿದೆ. "ನಿಮ್ಮ ಗುಟ್ಟನ್ನು ಕಾಪಾಡುತ್ತೇವೆ" ಎಂದು ದೊಡ್ಡ ಕಂಪೆನಿಗಳೂ ಹೇಳುತ್ತವೆ. ಒಡೆಯರು ಬದಲಾದಾಗ ಆ ಮಾತೂ ಬದಲಾಗುತ್ತದೆ. ಇಟ್ಟುಕೊಳ್ಳದವನು ಮಾತ್ರ ಮಾರಲಾರ, ಕಳೆದುಕೊಳ್ಳಲಾರ, ಒತ್ತಾಯಕ್ಕೆ ಮಣಿದು ಕೊಡಲಾರ. ಯಾವುದೇ ಸೇವೆಯನ್ನು ಆರಿಸುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇವರು ನನ್ನ ಬಗ್ಗೆ ಏನನ್ನು ಇಟ್ಟುಕೊಳ್ಳುತ್ತಾರೆ?

ನಮ್ಮ ಮನೆಬಾಗಿಲಿಗೆ ಬಂದ ಪ್ರಶ್ನೆ

ಇದೆಲ್ಲ ದೂರದ ದೇಶಗಳ ಮಾತು ಎನ್ನಬೇಡಿ. 2020ರ ನವೆಂಬರ್‌ನಲ್ಲಿ ಅಮೆರಿಕಾದ ಮದರ್‌ಬೋರ್ಡ್ ಪತ್ರಿಕೆ ಒಂದು ವರದಿ ಪ್ರಕಟಿಸಿತು. ನಮಾಝಿನ ವೇಳೆ ಮತ್ತು ಕಿಬ್ಲಾದ ದಿಕ್ಕನ್ನು ತಿಳಿಸುವ, ಒಂಬತ್ತು ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿದ್ದ 'ಮುಸ್ಲಿಂ ಪ್ರೊ' ಎಂಬ ಆ್ಯಪಿನಿಂದ ಬಳಕೆದಾರರ ಸಂಚಾರದ ವಿವರಗಳು ಎಕ್ಸ್-ಮೋಡ್ ಎಂಬ ಮಾಹಿತಿ ದಲ್ಲಾಳಿ ಸಂಸ್ಥೆಗೆ ಹೋಗುತ್ತಿದ್ದವು. ಅಲ್ಲಿಂದ ಅಮೆರಿಕಾದ ಸೇನೆಯ ಗುತ್ತಿಗೆದಾರರಿಗೆ ಮಾರಾಟವಾಗುತ್ತಿದ್ದವು. ತಾನು ಸೇನೆಗೆ ನೇರವಾಗಿ ಮಾರಿಲ್ಲವೆಂದು ಆ್ಯಪಿನ ಕಂಪೆನಿ ಹೇಳಿತು, ದಲ್ಲಾಳಿಯೊಂದಿಗಿನ ಸಂಬಂಧವನ್ನೂ ಕಡಿದುಕೊಂಡಿತು. 2024ರಲ್ಲಿ ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್, ಆರಾಧನಾಲಯಗಳೂ ಸೇರಿದಂತೆ ಸೂಕ್ಷ್ಮ ಸ್ಥಳಗಳಿಗೆ ಜನ ಹೋಗಿಬಂದ ವಿವರವನ್ನು ಮಾರದಂತೆ ಆ ದಲ್ಲಾಳಿ ಸಂಸ್ಥೆಯನ್ನು ನಿರ್ಬಂಧಿಸಿತು. ನಮಾಝಿನ ಹೊತ್ತನ್ನು ತಿಳಿಯಲು ಊರಿನ ಹೆಸರು ಹೇಳಿದರೆ ಸಾಕಲ್ಲವೇ? ಹಗಲೂ ರಾತ್ರಿ ನಾವು ಎಲ್ಲಿದ್ದೇವೆ ಎಂಬ ಲೆಕ್ಕವೇಕೆ? ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿ ಯಾರ ಜಾಡನ್ನೂ ಹಿಡಿಯುವುದಿಲ್ಲ.

ಖಾಸಗಿತನಕ್ಕೆ ನಮ್ಮ ಸಂವಿಧಾನದ ಮಾನ್ಯತೆ ದೊರೆತದ್ದು ಒಬ್ಬ ಕನ್ನಡಿಗರ ಹೋರಾಟದಿಂದ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಆ ಪೀಠದಲ್ಲಿ ಮೂಡುಬಿದಿರೆ ಸಮೀಪದ ಬೆಳುವಾಯಿಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರೂ ಇದ್ದರು. 2018ರ ಇನ್ನೊಂದು ತೀರ್ಪಿನಲ್ಲಿ ಆಧಾರ್ ಕಾಯ್ದೆಯ ಬಹುಭಾಗ ಊರ್ಜಿತವಾಯಿತಾದರೂ ಖಾಸಗಿ ಕಂಪೆನಿಗಳು ಅದನ್ನು ಕೇಳುವ ಅವಕಾಶಕ್ಕೆ ಕತ್ತರಿ ಬಿತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕನ್ನು ಬಳಸುವ ಕೆಲಸ ನಮ್ಮದು.

ಪರ್ಯಾಯಗಳೂ ಪರೀಕ್ಷೆಗೆ ಹೊರತಲ್ಲ

ಹಾಗೆಂದು ಪರ್ಯಾಯ ಎಂಬ ಹೆಸರು ಹೊತ್ತದ್ದೆಲ್ಲ ಚಿನ್ನವಲ್ಲ. ಪ್ರೋಟಾನ್ ಸಂಸ್ಥೆ 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದಂತೆ ಫ್ರಾನ್ಸಿನ ಹೋರಾಟಗಾರರೊಬ್ಬರ ಸಂಪರ್ಕ ವಿಳಾಸವನ್ನು ದಾಖಲಿಸಿ ಕೊಡಬೇಕಾಯಿತು. ಪತ್ರಗಳ ಒಳಗಿನ ಮಾತು ಅದಕ್ಕೂ ಸಿಗಲಿಲ್ಲ ಎಂಬುದು ಬೇರೆ ಮಾತು. ಡಕ್‌ಡಕ್‌ಗೋ ಬ್ರೌಸರ್ ಮೈಕ್ರೋಸಾಫ್ಟಿನ ಕೆಲವು ಬೇಹು ತುಣುಕುಗಳಿಗೆ ವಿನಾಯಿತಿ ನೀಡಿದ್ದು 2022ರಲ್ಲಿ ಸಂಶೋಧಕರಿಂದ ಬಯಲಾಗಿ, ನಂತರ ಸರಿಪಡಿಸಲಾಯಿತು.

ಮೊಹರಿನ ದುರುಪಯೋಗವೂ ಉಂಟು. ಒಂದು ಸಂಸ್ಥೆಯ ಮಹಿಳಾ ಉದ್ಯೋಗಿಗಳನ್ನು ಕುರಿತು ಯಾರೋ ಅಶ್ಲೀಲ ಪತ್ರಗಳನ್ನು ಪ್ರೋಟಾನ್ ಮೂಲಕ ಕಳಿಸಿದ ಪ್ರಕರಣದಲ್ಲಿ, 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಆ ಸೇವೆಯನ್ನು ದೇಶದಲ್ಲಿ ತಡೆಯುವ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ನೊಂದ ಆ ಹೆಣ್ಣುಮಕ್ಕಳ ಸಂಕಟ ಸಣ್ಣದಲ್ಲ. ಲಕೋಟೆಯಲ್ಲಿ ಬೆದರಿಕೆ ಪತ್ರ ಬಂದರೆ ಬರೆದವನನ್ನು ಹಿಡಿಯಬೇಕು. ಹಿಡಿಯುವ ದಾರಿಗಳೂ ಇರಬೇಕು. ಆದರೆ ಅದಕ್ಕಾಗಿ ಊರಿನವರೆಲ್ಲ ಕಾರ್ಡಿನಲ್ಲೇ ಬರೆಯಬೇಕು ಎಂದಾದರೆ ನಷ್ಟ ಯಾರಿಗೆ? ಈ ತಕ್ಕಡಿಯನ್ನು ಸಮವಾಗಿ ಹಿಡಿಯುವುದು ನಮ್ಮ ಕಾಲದ ಕಾನೂನಿನ ದೊಡ್ಡ ಸವಾಲು. ಕಾನೂನು ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಇದರತ್ತ ಗಮನ ಹರಿಸಬೇಕು.

ನಾವೇನು ಮಾಡಬಹುದು?

ಎಲ್ಲವನ್ನೂ ಒಂದೇ ದಿನ ಬಿಟ್ಟುಬಿಡಿ ಎಂದು ಹೇಳುವುದು ಸುಲಭ, ನಡೆಯುವುದು ಕಷ್ಟ. ಗಲ್ಫ್‌ನಲ್ಲಿರುವ ಅಣ್ಣ, ಊರಿನಲ್ಲಿರುವ ಅಮ್ಮ, ಕಾಲೇಜಿನ ಮೇಷ್ಟ್ರು ಎಲ್ಲರೂ ವಾಟ್ಸಾಪಿನಲ್ಲಿರುವಾಗ ನೀವೊಬ್ಬರೇ ಸಿಗ್ನಲ್‌ಗೆ ಹೋಗಿ ಮಾತನಾಡುವುದು ಯಾರ ಜತೆ? ಆದುದರಿಂದ ಒಂದೊಂದೇ ಮೆಟ್ಟಿಲು ಇಳಿಯೋಣ.

ಮೊದಲನೆಯದು ಶೋಧಯಂತ್ರ. ಬ್ರೌಸರಿನಲ್ಲಿ ಡಕ್‌ಡಕ್‌ಗೋ ಅಥವಾ ಸ್ಟಾರ್ಟ್‌ಪೇಜನ್ನು ಆರಿಸಿಕೊಳ್ಳಲು ಒಂದು ನಿಮಿಷ ಸಾಕು. ಇದಕ್ಕೆ ಬೇರಾರ ಒಪ್ಪಿಗೆಯೂ ಬೇಡ. ಎರಡನೆಯದು ಬ್ರೌಸರ್. ಲಾಭರಹಿತ ಮೊಜಿಲ್ಲಾ ಪ್ರತಿಷ್ಠಾನದ ಆಶ್ರಯದಲ್ಲಿ 2004ರಿಂದ ಇರುವ ಫೈರ್‌ಫಾಕ್ಸ್ ಕನ್ನಡದಲ್ಲೂ ದೊರೆಯುತ್ತದೆ. ಮೂರನೆಯದು ಮೊಬೈಲಿನ ಅನುಮತಿಗಳು. ಟಾರ್ಚ್ ಆ್ಯಪಿಗೆ ನಿಮ್ಮ ಫೋನ್ ಪುಸ್ತಕವೇಕೆ? ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದನ್ನೇ ಪರಿಶೀಲಿಸಿ, ಬೇಡದ್ದನ್ನು ತೆಗೆದುಹಾಕಿ.

ನಾಲ್ಕನೆಯದು ಸಂದೇಶ. ಮನೆಯವರ ಗುಂಪೊಂದನ್ನು ಮಾತ್ರ ಮೊದಲು ಸಿಗ್ನಲ್‌ಗೆ ತನ್ನಿ. ನಾಲ್ಕು ಜನರ ಗುಂಪನ್ನು ಕದಲಿಸುವುದು ನಾನೂರು ಜನರ ಗುಂಪಿಗಿಂತ ಸುಲಭ. ಐದನೆಯದು ಇ-ಮೇಲ್. ಪ್ರೋಟಾನ್ ಅಥವಾ ಜರ್ಮನಿಯ ಟೂಟಾದಲ್ಲಿ ಉಚಿತ ಖಾತೆ ತೆರೆಯಬಹುದು. ಆದರೆ ಹಳೆಯ ವಿಳಾಸವನ್ನು ಆತುರದಿಂದ ಅಳಿಸಬೇಡಿ. ಬ್ಯಾಂಕು, ವಿಶ್ವವಿದ್ಯಾನಿಲಯ, ಸ್ಪರ್ಧಾತ್ಮಕ ಪರೀಕ್ಷೆಗಳ ಪತ್ರಗಳು ಅಲ್ಲಿಗೇ ಬರುತ್ತಿರುತ್ತವೆ. ಒಂದೊಂದೇ ಕಡೆ ಹೊಸ ವಿಳಾಸ ಕೊಡುತ್ತ ಹೋಗಿ. ಒಂದು ವರ್ಷ ಹಿಡಿದರೂ ಚಿಂತೆಯಿಲ್ಲ. ಸಿಗ್ನಲ್, ಪ್ರೋಟಾನ್, ಟೂಟಾದಂತಹ ಸೇವೆಗಳು ಜಾಹೀರಾತಿನಿಂದಲ್ಲ, ಹಣ ಕೊಡುವ ಬಳಕೆದಾರರಿಂದಲೋ ದೇಣಿಗೆಯಿಂದಲೋ ನಡೆಯುತ್ತವೆ. ಶಕ್ತರಾದವರು ಕೈಲಾದಷ್ಟು ಕೊಟ್ಟರೆ ಅದು ಅಶಕ್ತರಿಗೂ ಒದಗುತ್ತದೆ.

ಕೊನೆಯದಾಗಿ ಸಂಘ ಸಂಸ್ಥೆಗಳನ್ನು ನಡೆಸುವ ನಮ್ಮೆಲ್ಲರಿಗೆ ಒಂದು ಮಾತು. ಪ್ರತಿ ವರ್ಷ ವಿದ್ಯಾರ್ಥಿವೇತನದ ಕಾಲ ಬಂದಾಗ ನೂರಾರು ಮಕ್ಕಳ ಆಧಾರ್ ಪ್ರತಿ, ಆದಾಯ ಪತ್ರ, ಬ್ಯಾಂಕ್ ಪುಸ್ತಕದ ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ತಂದೆಯಿಲ್ಲದ ಮಗು ಯಾರು, ಯಾರ ಮನೆಯ ಆದಾಯವೆಷ್ಟು, ಝಕಾತಿನ ನೆರವು ಪಡೆದವರು ಯಾರು ಎಂಬುದು ಹತ್ತಾರು ಫೋನುಗಳಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಕೊಟ್ಟವರು ನಮ್ಮನ್ನು ನಂಬಿ ಕೊಟ್ಟರು. ಗೂಗಲ್, ಫೇಸ್‌ಬುಕ್‌ಗಳಿಗೆ ಕೇಳುವ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಡವೇ? ಬೇಕಾದಷ್ಟನ್ನೇ ಕೇಳೋಣ. ಗುಂಪಿನಲ್ಲಿ ಹಾಕದೆ ಹೊಣೆಗಾರರೊಬ್ಬರಿಗೆ ಮಾತ್ರ ತಲುಪುವಂತೆ ಮಾಡೋಣ. ಹಣ ಮಕ್ಕಳ ಖಾತೆಗೆ ಸೇರಿ ಲೆಕ್ಕಪರಿಶೋಧನೆ ಮುಗಿದ ಮೇಲೆ, ಕಾನೂನಿಗೆ ಬೇಕಾದ ಕಾಗದಗಳನ್ನು ಬಿಟ್ಟು ಉಳಿದುದನ್ನು ಅಳಿಸಿಹಾಕೋಣ. ಅಮಾನತ್ತು ಎಂಬ ಪದಕ್ಕೆ ಅದರ ಹಳೆಯ ಅರ್ಥವನ್ನು ಮರಳಿ ಕೊಡುವ ಕೆಲಸವನ್ನು ಈ ವರ್ಷದ ಅರ್ಜಿಗಳಿಂದಲೇ ಆರಂಭಿಸಬಹುದು.